ಮೊದಲು ಮನೆ, ಆಮೇಲೆ ಮೀನು

ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಪುಟ್ಟ ಪುಟ್ಟ ಡಬ್ಬಿಗಳನ್ನು ಸಾಲಾಗಿ ಜೋಡಿಸಿ, ಒಂದೊಂದರಲ್ಲೂ ಒಂದೊಂದು ಮೀನು ಬಿಟ್ಟಿರುವುದನ್ನು ನೀವು ನೋಡಿರಬಹುದು. ಸೆರಗಿನಂತೆ ಹರಡಿದ ರೆಕ್ಕೆ. ನೀಲಿ, ಕೆಂಪು ಮೈ. ಅದೇ ಬೆಟ್ಟಾ. ಫೈಟರ್ ಮೀನು ಎಂದರೆ ಬೇಗ ಗೊತ್ತಾಗುತ್ತದೆ. ‘ಇದಕ್ಕೆ ಇಷ್ಟು ನೀರು ಸಾಕು ಸಾರ್, ಸಾಯಲ್ಲ’ ಎಂದು ಮಾರುವವರು ಹೇಳುತ್ತಾರೆ. ಸಾಯದೆ ಇರುವುದು ಬೇರೆ, ಸುಖವಾಗಿ ಬದುಕುವುದು ಬೇರೆ.

ಇದರ ತವರು ಥಾಯ್ಲೆಂಡ್. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಅಲ್ಲಿನ ಭತ್ತದ ಗದ್ದೆ, ಜೌಗು, ಕಾಲುವೆಗಳ ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಬೆಟ್ಟಾ ಆಗಾಗ ಮೇಲೆ ಬಂದು ಗಾಳಿಯನ್ನೇ ಗುಟುಕರಿಸುತ್ತದೆ; ಕಿವಿರಿನ ಜೊತೆಗೆ ಅದಕ್ಕೆಂದೇ ಬೇರೊಂದು ಅಂಗವಿದೆ. ಡಬ್ಬಿಯಲ್ಲೂ ಜೀವ ಹಿಡಿದಿರುವುದು ಈ ವರದಿಂದ. ಆದರೆ ಗದ್ದೆಯ ನೀರು ಆಳವಿಲ್ಲದಿದ್ದರೂ ವಿಶಾಲವಾದದ್ದು. ಡಬ್ಬಿ ಹಾಗಲ್ಲ.

ಉಸಿರಿಗೆ ಗಾಳಿ ಸಿಕ್ಕರೂ ಮೈ ಇರುವುದು ನೀರಿನಲ್ಲೇ ತಾನೆ? ಮೀನಿನ ಹೊಲಸು, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಎಂಬ ವಿಷ ಸೇರುತ್ತದೆ. ನೀರು ಕಡಿಮೆ ಇದ್ದಷ್ಟೂ ಅದು ಬೇಗ ಏರಿ ಕಿವಿರನ್ನು ಸುಡುತ್ತದೆ. ದೊಡ್ಡ ತೊಟ್ಟಿಯಲ್ಲಿ ಫಿಲ್ಟರಿನ ಸ್ಪಂಜಿನೊಳಗೆ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಅವು ನೆಲೆಯೂರಲು ಕೆಲವು ವಾರ ಬೇಕು.

ಮೊಮ್ಮಗಳು ಫೈಟರ್ ಮೀನಿಗೆ ಹಟ ಹಿಡಿದಾಗ 20 ಲೀಟರಿನ ತೊಟ್ಟಿ ತಂದು, ನೀರು ತುಂಬಿಸಿ, ಫಿಲ್ಟರ್ ಹಾಕಿ, ದಿನಾ ಚಿಟಿಕೆ ಮೀನಿನ ಆಹಾರ ಉದುರಿಸಿದೆವು. ‘ಮೀನೇ ಇಲ್ಲ, ಊಟ ಯಾರಿಗೆ ತಾತ?’ ಎಂದು ನಕ್ಕಳು. ‘ಬ್ಯಾಕ್ಟೀರಿಯಾಗೆ’ ಎಂದೆ. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ ತೋರಿಸುವವರೆಗೆ ಕಾದಳು. ಐದು ವಾರ ಹಿಡಿಯಿತು.

ಈಗ ಪ್ರತಿ ಭಾನುವಾರ ಕಾಲು ಭಾಗ ನೀರು ಬದಲಿಸುತ್ತಾಳೆ. ಪೂರ್ತಿ ಬದಲಿಸಬಾರದು. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣದ ಹನಿ ಹಾಕಿದ ಮೇಲೆಯೇ ತೊಟ್ಟಿಗೆ. ಸ್ಪಂಜನ್ನು ತೊಳೆಯುವುದು ತೊಟ್ಟಿಯಿಂದ ತೆಗೆದ ನೀರಿನಲ್ಲಿ. ನಲ್ಲಿಯ ಕೆಳಗೆ ಹಿಡಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ನೀರಿನ ಉಷ್ಣತೆ 24ರಿಂದ 28 ಡಿಗ್ರಿ ಇರಬೇಕು. ಚಳಿಗಾಲಕ್ಕೆ ಸಣ್ಣ ಹೀಟರ್ ಇದೆ. ಬೆಟ್ಟಾ ಜಿಗಿಯುತ್ತದೆ, ಹಾಗಾಗಿ ಗಾಳಿಯಾಡುವ ಮುಚ್ಚಳ. ಗಂಡುಗಳೆರಡು ಕಚ್ಚಾಡುತ್ತವೆ, ಹಾಗಾಗಿ ಒಂದೇ ಮೀನು.

ಅದು ಗಿಡದ ಎಲೆಯ ಮೇಲೆ ಒರಗಿ ನಿದ್ದೆ ಮಾಡುತ್ತದೆ. ಕೆಲವು ದಿನ ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟುತ್ತದೆ.

ಹುಟ್ಟುಹಬ್ಬಕ್ಕೆ ಮೀನು ಕೊಡಿಸುವ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಬೆಟ್ಟಾ ಸುಮಾರು ಮೂರು ವರ್ಷ ಬದುಕುತ್ತದೆ. ಅಂದರೆ ನೂರೈವತ್ತು ಭಾನುವಾರಗಳ ಕೆಲಸ. ಮಗು ಅದಕ್ಕೆ ಒಪ್ಪಿದರೆ, ಮೊದಲು ತೊಟ್ಟಿಯನ್ನು ಮಾತ್ರ ಕೊಡಿಸಿ.