ಕ್ಯಾಲಮಝೂಗೆ ಹೋಗಿ ಲ್ಯಾಟಿನ್ ಹಚ್ಚಿಕೊಂಡಿದ್ದು

ಮೊನ್ನೆ ಅಮ್ಮ ಫೋನಿನಲ್ಲಿ, "ಅದೇನೋ ಲ್ಯಾಟಿನ್ ಕಲೀತಿದೀಯಂತೆ, ತಮ್ಮ ಹೇಳ್ದ. ಆ ಕಡೆ ಹುಡುಗಿ ಯಾರಾದ್ರೂ..." ಅಂತ ಅರ್ಧಕ್ಕೇ ನಿಲ್ಲಿಸಿದಳು. ಹುಡುಗಿಯೂ ಇಲ್ಲ, ಏನೂ ಇಲ್ಲ. ಇದೆಲ್ಲ ಶುರುವಾದದ್ದು 2024ರ ಮೇ ತಿಂಗಳಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಲಮಝೂ ಅನ್ನೋ ಊರಿನಲ್ಲಿ.

ಅದಕ್ಕೂ ಹಿಂದೆ ಹೋಗಬೇಕೆಂದರೆ ಇಂಜಿನಿಯರಿಂಗ್ ಕೊನೇ ವರ್ಷಕ್ಕೆ ಹೋಗಬೇಕು. ಮಷೀನ್ ಲರ್ನಿಂಗ್ ಪಾಠದಲ್ಲಿ 'ಆಕಮ್ಸ್ ರೇಜರ್' ಅಂತ ಬಂತು. ಎರಡು ಮಾಡೆಲ್ ಒಂದೇ ಉತ್ತರ ಕೊಟ್ಟರೆ ಸರಳವಾದದ್ದನ್ನು ಇಟ್ಟುಕೋ ಅನ್ನೋ ಮಾತು. ಈ ಆಕಮ್ ಯಾರಪ್ಪ ಅಂತ ಹುಡುಕಿದರೆ 1347ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಒಬ್ಬ ಸನ್ಯಾಸಿ! ಪೋಪ್ ಜೊತೆ ಜಗಳ ಮಾಡಿಕೊಂಡು ಮ್ಯೂನಿಕ್‌ಗೆ ಓಡಿಹೋಗಿದ್ದವನು. ಅವನ ಹೆಸರಿನಲ್ಲಿ ಎಲ್ಲರೂ ಹೇಳುವ ಆ ಪ್ರಸಿದ್ಧ ವಾಕ್ಯ ಅವನ ಪುಸ್ತಕಗಳಲ್ಲಿ ಹಾಗೇ ಎಲ್ಲೂ ಇಲ್ಲವಂತೆ. ಅಲ್ಲಿಂದ ಹಿಡಿದ ಹುಚ್ಚು ನನಗೆ. ಕೆಲಸಕ್ಕೆ ಸೇರಿ, ಶಿಕಾಗೋಗೆ ಬಂದ ಮೇಲೂ ಬಿಡಲಿಲ್ಲ. ಆ ವರ್ಷವಂತೂ ಕೆಲಸ ಬಿಟ್ಟು ಇದನ್ನೇ ಓದೋಣ ಅಂತ ಒಂದು ಎಂ.ಎ. ಅರ್ಜಿ ಅರ್ಧ ತುಂಬಿಸಿಟ್ಟಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಹೇಗೆ ಹೇಳೋದು? ಊರಿನ ಮನೆಯ ಸಾಲದ ಕಂತು ಕಟ್ಟುತ್ತಿರುವವನು ನಾನೇ.

ಕ್ಯಾಲಮಝೂನಲ್ಲಿ ವೆಸ್ಟರ್ನ್ ಮಿಶಿಗನ್ ವಿಶ್ವವಿದ್ಯಾಲಯದವರು 1962ರಲ್ಲಿ ಶುರು ಮಾಡಿದ ಮಧ್ಯಯುಗ ಅಧ್ಯಯನದ ಸಮ್ಮೇಳನವೊಂದಿದೆ. ಪ್ರತಿ ಮೇ ತಿಂಗಳು ನಡೆಯುತ್ತದೆ. ಕೋವಿಡ್‌ಗೆ ಮುಂಚೆ ಸುಮಾರು ಮೂರು ಸಾವಿರ ಜನ ಸೇರುತ್ತಿದ್ದರಂತೆ. ದುಡ್ಡು ಕಟ್ಟಿದರೆ ಯಾರು ಬೇಕಾದರೂ ಹೋಗಬಹುದು, ಡಿಗ್ರಿ ಕೇಳುವುದಿಲ್ಲ. ಶಿಕಾಗೋದಿಂದ ರೈಲು ಹತ್ತಿದೆ. ಮಿಶಿಗನ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಅನ್ನೋದು ಮರೆತೇಹೋಗಿತ್ತು. ನಾನು ಕೇಳಬೇಕೆಂದಿದ್ದ ಮೊದಲ ಗೋಷ್ಠಿ ಹಾಗೇ ಕೈತಪ್ಪಿತು :-)

ಒಂದೊಂದು ಗೋಷ್ಠಿ ಒಂದೂವರೆ ಗಂಟೆ. ಸಾಮಾನ್ಯವಾಗಿ ಮೂರು ಪ್ರಬಂಧ, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಸಾಹಿತ್ಯ, ಚರಿತ್ರೆ, ಪುರಾತತ್ವ ಎಲ್ಲ ಇರುತ್ತದೆ. ತತ್ವಶಾಸ್ತ್ರ ಅದರಲ್ಲಿ ಒಂದು ಮೂಲೆ, ಆ ಮೂಲೆಯಲ್ಲೂ ಥಾಮಸ್ ಅಕ್ವಿನಾಸ್‌ನದೇ ದೊಡ್ಡ ಪಾಲು. ಅವನ ಎಲ್ಲ ಕೃತಿಗಳ ಶುದ್ಧ ಪಾಠ ತರಬೇಕೆಂದು ಪೋಪ್ ಹದಿಮೂರನೇ ಲಿಯೋ ಶುರು ಮಾಡಿಸಿದ ಸಂಪಾದನೆಯ ಮೊದಲ ಸಂಪುಟ ಬಂದದ್ದು 1882ರಲ್ಲಿ. ಕೆಲಸ ಇನ್ನೂ ಮುಗಿದಿಲ್ಲ! ನಮ್ಮ ಮ್ಯಾನೇಜರ್‌ಗೆ ಇದನ್ನು ತೋರಿಸಬೇಕು ಅನ್ನಿಸಿತು.

ಯಾಕೆ ಇಷ್ಟು ತಡ ಅನ್ನೋದು ಎರಡನೇ ದಿನ ಗೊತ್ತಾಯಿತು. ಆಗಿನ ವಿಶ್ವವಿದ್ಯಾಲಯಗಳಲ್ಲಿ ಧರ್ಮಶಾಸ್ತ್ರದ ಗುರುವಾಗಬೇಕಾದರೆ ಪೀಟರ್ ಲೊಂಬಾರ್ಡ್‌ನ 'ಸೆಂಟೆನ್ಸಸ್' ಅನ್ನೋ ಗ್ರಂಥದ ಮೇಲೆ ಪಾಠ ಹೇಳಲೇಬೇಕಿತ್ತು. ಹಾಗೆ ಹುಟ್ಟಿದ ವ್ಯಾಖ್ಯಾನಗಳು ಸಾವಿರಕ್ಕೂ ಹೆಚ್ಚು. ಬಹಳಷ್ಟು ಇವತ್ತಿಗೂ ಅಚ್ಚಾಗಿಲ್ಲ, ಹಸ್ತಪ್ರತಿಯಲ್ಲೇ ಇವೆ. ಅವನ್ನು ಓದೋದಾದರೂ ಹೇಗೆ? ಚರ್ಮದ ಹಾಳೆ ದುಬಾರಿ ಅಂತ ಪ್ರತಿ ಪದವನ್ನೂ ಮುರಿದು ಬರೆದಿದ್ದಾರೆ. 'ಎರ್ಗೊ' ಅಂದರೆ 'ಆದ್ದರಿಂದ'. ಅದಕ್ಕೆ ಬರೀ ಒಂದು 'ಜಿ', ತಲೆಯ ಮೇಲೆ ಪುಟ್ಟ 'ಒ'. ಅದೇ 'ಜಿ' ಮೇಲೆ 'ಐ' ಕೂತರೆ 'ಇಗಿಟುರ್'. ಅದರರ್ಥವೂ ಆದ್ದರಿಂದ! ಈ ಸಂಕ್ಷೇಪಗಳಿಗೇ ಕಾಪೆಲ್ಲಿ ಅನ್ನೋ ಇಟಲಿಯವನು 1899ರಲ್ಲಿ ಒಂದು ನಿಘಂಟು ಮಾಡಿದ್ದಾನೆ. ಪುಸ್ತಕದ ಮಳಿಗೆಯಲ್ಲಿ ಅದರ ಪುಟ ತಿರುಗಿಸುತ್ತಾ ನಿಂತವನಿಗೆ ಊಟದ ಹೊತ್ತಾದದ್ದೇ ತಿಳಿಯಲಿಲ್ಲ.

ಊಟದ ಮೇಜಿನಲ್ಲಿ (ನನಗೆ ಸಿಕ್ಕಿದ್ದು ಪಾಸ್ತಾ ಮತ್ತು ಎಲೆ) ಎದುರಿಗೆ ಕೂತಿದ್ದವರು ನಲವತ್ತರ ಆಸುಪಾಸಿನ ಒಬ್ಬ ಮೇಡಂ. ಹದಿನಾಲ್ಕನೇ ಶತಮಾನದ ತರ್ಕಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದ್ದಾರೆ, ಒಂಬತ್ತು ವರ್ಷ ಹಿಡಿಯಿತಂತೆ. ನಾನು ಉತ್ಸಾಹದಲ್ಲಿ ನನ್ನ ಅರ್ಜಿಯ ವಿಷಯ ಒದರಿಬಿಟ್ಟೆ. ಅವರು ನಗಲಿಲ್ಲ. ಎರಡು ಕಾಲೇಜುಗಳಲ್ಲಿ ನಾಲ್ಕು ಕೋರ್ಸ್ ಪಾಠ ಮಾಡುತ್ತಾರೆ, ಎರಡೂ ಕಡೆ ವರ್ಷವರ್ಷದ ಗುತ್ತಿಗೆ. ಇಲ್ಲಿಗೆ ಬಂದಿರೋದೂ ಸ್ವಂತ ಖರ್ಚಿನಲ್ಲಿ.

"ಅವಕಾಶ ಬೇಕಾದಷ್ಟಿವೆ, ಕೆಲಸ ಇಲ್ಲ," ಅಂದರು. ಆಮೇಲೆ ಪೇಪರ್ ನ್ಯಾಪ್ಕಿನ್ ಮೇಲೇ ಬರೆದುಕೊಟ್ಟರು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪ್ರತಿ ಜುಲೈ, 1994ರಿಂದ. ಜರ್ಮನಿಯ ಕಲೋನ್‌ನಲ್ಲಿ ಥಾಮಸ್ ಇನ್‌ಸ್ಟಿಟ್ಯೂಟ್‌ನವರದು ಎರಡು ವರ್ಷಕ್ಕೊಮ್ಮೆ. ಬರೀ ಮಧ್ಯಯುಗದ ತತ್ವಶಾಸ್ತ್ರಕ್ಕೇ ಅಂತ 1958ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಸಂಘದ್ದು ಐದು ವರ್ಷಕ್ಕೊಮ್ಮೆ. 2017ರಲ್ಲಿ ಬ್ರೆಜಿಲ್‌ನ ಪೋರ್ತೊ ಅಲೆಗ್ರೆ, 2022ರಲ್ಲಿ ಪ್ಯಾರಿಸ್. ಯುರೋಪಿನಲ್ಲಿ ಯಾರಿಗಾದರೂ ಐದು ವರ್ಷದ ಸಂಶೋಧನಾ ಅನುದಾನ ಸಿಕ್ಕರೆ ಕೆಲವರನ್ನು ಸೇರಿಸಿಕೊಳ್ಳುತ್ತಾರೆ, ಪ್ರಾಜೆಕ್ಟ್ ಮುಗಿದರೆ ಮತ್ತೊಂದು ದೇಶ. ನಮ್ಮಲ್ಲಿ ಪ್ರಾಜೆಕ್ಟ್ ಮುಗಿದರೆ ಬೆಂಚ್ ಆದರೂ ಇದೆ.

ನ್ಯಾಪ್ಕಿನ್ನಿನ ಕೊನೇ ಸಾಲು ಟೊರಾಂಟೊ. ಅಲ್ಲಿನ ಮಧ್ಯಯುಗ ಅಧ್ಯಯನ ಕೇಂದ್ರದಲ್ಲಿ ಬೇಸಿಗೆಯ ಲ್ಯಾಟಿನ್ ತರಗತಿಗಳಿವೆ. ಅದರ ಕೆಳಗೆ ಎರಡು ಗೆರೆ ಎಳೆದರು. "ಕೆಲಸ ಬಿಡಬೇಡಿ. ಲ್ಯಾಟಿನ್ ಮಾತ್ರ ಈಗಲೇ ಶುರು ಮಾಡಿ. ಅದಿಲ್ಲದೆ ಇಲ್ಲಿ ಯಾವ ಬಾಗಿಲೂ ತೆರೆಯೋದಿಲ್ಲ."

ಏಳುವ ಮುಂಚೆ ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ನಾನು ಸಿದ್ಧನಿರಲಿಲ್ಲ. "ನಿಮ್ಮ ಕಡೆ ಅದೇ ಕಾಲದಲ್ಲಿ ಯಾರು ಬರೀತಿದ್ರು?" ಮಧ್ವಾಚಾರ್ಯರು ಅಂದೆ. 1274ರಲ್ಲಿ ಅಕ್ವಿನಾಸ್ ಸತ್ತಾಗ ಮಧ್ವರು ಬದುಕಿದ್ದರು, ಅಲ್ಲಿಯವರೆಗೆ ಸರಿ. "ಅವರ ಮುಖ್ಯ ವಾದ ಏನು?" ದ್ವೈತ ಅಂದೆ, ಆಮೇಲೆ ಮಾತೇ ಹೊರಡಲಿಲ್ಲ. ಅನುವ್ಯಾಖ್ಯಾನ, ಅದರ ಮೇಲೆ ಜಯತೀರ್ಥರ ನ್ಯಾಯಸುಧಾ ಅಂತ ಹೆಸರುಗಳು ಗೊತ್ತು, ಒಳಗೇನಿದೆ ಗೊತ್ತಿಲ್ಲ. ಅಜ್ಜನ ಮನೆ ಅಟ್ಟದ ಮೇಲೆ ಎರಡೂ ಇದ್ದವು. ಆ ಐದು ನಿಮಿಷದ ನಾಚಿಕೆ ಇನ್ನೂ ಹೋಗಿಲ್ಲ.

ವಾಪಸು ಬರುವಾಗ ಶಿಕಾಗೋದಲ್ಲಿ ಕಳೆದುಕೊಂಡ ಒಂದು ಗಂಟೆ ತಿರುಗಿ ಸಿಕ್ಕಿತು. ಆವತ್ತಿನಿಂದ ವಾರದಲ್ಲಿ ನಾಲ್ಕು ರಾತ್ರಿ ಲ್ಯಾಟಿನ್ ವ್ಯಾಕರಣ. ಸಂಸ್ಕೃತದ ವಿಭಕ್ತಿ ಉರು ಹೊಡೆದಿದ್ದು ಸ್ವಲ್ಪ ಉಪಯೋಗಕ್ಕೆ ಬರ್ತಿದೆ. 'ಸೆಂಟೆನ್ಸಸ್' ವ್ಯಾಖ್ಯಾನಗಳನ್ನು ಎಕ್ಸ್‌ಎಂಎಲ್‌ನಲ್ಲಿ ಅಳವಡಿಸುವ ಒಂದು ಮುಕ್ತ ಯೋಜನೆ ಇದೆ, ಅದರ ಫೈಲುಗಳನ್ನು ತೆಗೆದು ನೋಡುತ್ತಾ ಕೂರುತ್ತೇನೆ. ಟ್ಯಾಗುಗಳು ಪೂರ್ತಿ ಅರ್ಥವಾಗುತ್ತವೆ. ಅವುಗಳ ನಡುವಿನ ಮಾತು ಹತ್ತು ಸಾಲಿಗೆ ಎರಡು.

ಎಂ.ಎ. ಅರ್ಜಿ ಹಾಗೇ ಇದೆ, ಕಳಿಸಿಲ್ಲ, ಅಳಿಸಿಯೂ ಇಲ್ಲ. ಅಮ್ಮನಿಗೆ, "ಅದೊಂದು ಹಳೇ ಭಾಷೆ ಕಣಮ್ಮ, ಈಗ ಮನೇಲಿ ಯಾರೂ ಮಾತಾಡಲ್ಲ," ಅಂದೆ. "ಮತ್ತೆ ಕಲಿತು ಯಾರ ಹತ್ರ ಮಾತಾಡ್ತೀಯೋ?" ಅಂದಳು. ಹಾಗೇ, ಅಜ್ಜನ ಅಟ್ಟದ ಪುಸ್ತಕಗಳು ಇನ್ನೂ ಇವೆಯಾ ಅಂತ ಕೇಳಿದೆ. ನೋಡಿ ಹೇಳ್ತೀನಿ ಅಂದಿದ್ದಾಳೆ.