ಉಪ್ಪಿನ ಸೊಳೆಗೆ ಹುಳಿ ಹೇಗೆ ಬಂತು?

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಪೊಳಲಿ ಸಮೀಪದ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿ, ಪಾಠ ಅಭಿಸರಣೆ. ಹಿಂದಿನ ರಾತ್ರಿಯೇ ನೆನೆಸಿಟ್ಟ ಒಣದ್ರಾಕ್ಷಿ ತಂದಿದ್ದೆ. ನೀರಿನಲ್ಲಿ ಉಬ್ಬಿದ್ದ ದ್ರಾಕ್ಷಿ ಗಟ್ಟಿ ಉಪ್ಪುನೀರಿನಲ್ಲಿ ಸುಕ್ಕುಗಟ್ಟುವುದನ್ನು ಮಕ್ಕಳು ಕಣ್ಣರಳಿಸಿ ನೋಡಿದರು. ಆ ಹುರುಪಿನಲ್ಲಿ ಪಾಠಯೋಜನೆಯಲ್ಲಿ ಇಲ್ಲದ ಮಾತೊಂದನ್ನು ಸೇರಿಸಿದೆ: "ಅದಕ್ಕೇ ಉಪ್ಪಿನಕಾಯಿ ಕೆಡುವುದಿಲ್ಲ. ಉಪ್ಪಿನಲ್ಲಿ ಬ್ಯಾಕ್ಟೀರಿಯಾಗಳು ನೀರು ಕಳೆದುಕೊಂಡು ಸಾಯುತ್ತವೆ." ಎಲ್ಲರೂ ಬರೆದುಕೊಂಡರು.

ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಟೀಚರ್, ನಮ್ಮಲ್ಲಿ ಭರಣಿಯಲ್ಲಿ ಉಪ್ಪಡ್ ಪಚ್ಚಿಲ್ ಹಾಕಿದ್ದಾರೆ. ಈ ಸಲ ಉಪ್ಪು ಸ್ವಲ್ಪ ಕಡಿಮೆ. ಈಗ ಹುಳಿಯಾಗಿದೆ, ಮೇಲೆ ಬಿಳಿ ಪೊರೆಯೂ ಬಂದಿದೆ. ಎಲ್ಲ ಸತ್ತರೆ ಹುಳಿ ಮಾಡಿದ್ದು ಯಾರು?"

"ನಾಳೆ ಹೇಳುತ್ತೇನೆ" ಅಂದೆ. ವೀಕ್ಷಣೆಗೆ ಕುಳಿತಿದ್ದ ಉಪನ್ಯಾಸಕರು ಏನೋ ಬರೆದುಕೊಂಡರು.

ದೇವಸ್ಥಾನದ ಬಳಿ ಬಸ್ಸಿಗೆ ಕಾಯುತ್ತಾ ನಾಚಿಕೆಯಾಯಿತು. ಸ್ಟ್ಯಾಫಿಲೋಕಾಕಸ್ ಬೆಳೆಸಲು ಶೇ. 7.5 ಉಪ್ಪಿರುವ ಅಗರ್ ತಟ್ಟೆಗಳನ್ನು ಬಿ.ಎಸ್ಸಿ.ಯಲ್ಲಿ ನಾನೇ ಸುರಿದಿದ್ದೆ. ಗೊತ್ತಿಲ್ಲದ್ದಲ್ಲ, ಸುಲಭದ ವಾಕ್ಯ ಬಾಯಿಗೆ ಬಂತು, ಅಷ್ಟೆ.

ಮರುದಿನ ಮೊದಲು ಹೇಳಿದ್ದೇ ಆ ವಾಕ್ಯ ಹೊಡೆದುಹಾಕಿ ಎಂದು. ಉಪ್ಪು ಅನೇಕ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ ನಿಜ. ಆದರೆ ಕೆಲವು ತಮ್ಮ ಒಳಗನ್ನೇ ಗಟ್ಟಿ ದ್ರಾವಣ ಮಾಡಿಕೊಂಡು ನೀರನ್ನು ಹಿಡಿದಿಡುತ್ತವೆ. ಕಪ್ಪುಹಲಗೆಯ ಮೇಲೆ ದೊಡ್ಡದೊಂದು ಕೋಶ ಬರೆದು, ಅದರ ಪೊರೆಯಲ್ಲಿ ಬಾಗಿಲುಗಳನ್ನಿಟ್ಟೆ. ಇ. ಕೋಲೈನಂಥ ಬ್ಯಾಕ್ಟೀರಿಯಾ ಮೊದಲು ಒಳಗೆಳೆಯುವುದು ಪೊಟ್ಯಾಸಿಯಂ. ಅದು ಬಹಳ ಹೆಚ್ಚಾದರೆ ಕಿಣ್ವಗಳಿಗೆ ತೊಂದರೆ. ಆಮೇಲೆ ಅದರ ಜಾಗಕ್ಕೆ ಗ್ಲೈಸಿನ್ ಬೀಟೈನ್, ಪ್ರೋಲಿನ್ ಬರುತ್ತವೆ. ಇವು ಎಷ್ಟು ತುಂಬಿದರೂ ಪ್ರೋಟೀನುಗಳ ಕೆಲಸ ಕೆಡಿಸುವುದಿಲ್ಲ. ಬೀಟೈನ್ ಎಂಬ ಹೆಸರು ಬಂದದ್ದೇ ಬೀಟ್ ಗೆಡ್ಡೆಯಿಂದ ಎಂದಾಗ ನಗು ಬಂತು. ಹುಳಿ ಮಾಡುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಬೀಟೈನನ್ನು ಹೆಚ್ಚಾಗಿ ಹೊರಗಿನಿಂದಲೇ ತರುತ್ತವೆ. ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್‌ನಲ್ಲಿ ಈ ಸಾಗಣೆ ಮಾಡುವ ಪ್ರೋಟೀನಿನ ಹೆಸರು ಓಪುಎ. ಕೋಶ ನೀರು ಕಳೆದುಕೊಂಡಾಗ ಒಳಗಿನ ಅಯಾನುಗಳು ದಟ್ಟವಾಗುತ್ತವೆ. ಅದೇ ಓಪುಎಗೆ ಸೂಚನೆ. ಆಗ ಎಟಿಪಿ ಖರ್ಚು ಮಾಡಿ ಬೀಟೈನನ್ನು ಒಳಗೆ ಸೇರಿಸುತ್ತದೆ.

"ಪರೀಕ್ಷೆಗೆ ಯಾವುದು ಬರೆಯಬೇಕು?" ಎಂದ ಒಬ್ಬ. ಒಣದ್ರಾಕ್ಷಿಯದ್ದು ಬರಿ ಮಾರಾಯ, ಅಂದೆ.

ಆ ಹುಡುಗಿ ಬಿಡಲಿಲ್ಲ. "ಪಲ್ಯ ಮಾಡುವ ಮೊದಲು ಅಜ್ಜಿ ಸೊಳೆಯನ್ನು ಬರೀ ನೀರಿನಲ್ಲಿ ನೆನೆಸಿಡುತ್ತಾರಲ್ಲ, ಆಗ?"

ಇದು ನಾನು ಯೋಚಿಸದ ಪ್ರಶ್ನೆ. ಉತ್ತರ ಮಾತ್ರ ಗೊತ್ತಿತ್ತು. ಆಗ ಆಪತ್ತು ತಿರುಗುಮುರುಗು. ಒಳಗೆ ಕೂಡಿಟ್ಟದ್ದೆಲ್ಲ ಇದೆ, ಹೊರಗೆ ತಿಳಿನೀರು. ನೀರು ನುಗ್ಗಿ ಪೊರೆ ಬಿಗಿಯುತ್ತದೆ. ಆ ಬಿಗಿತಕ್ಕೇ ತೆರೆದುಕೊಳ್ಳುವ ನಾಳಗಳಿವೆ, ಇ. ಕೋಲೈಯಲ್ಲಿರುವ ಎಂಎಸ್‌ಸಿಎಲ್ ತೆರೆದಾಗ ಅದರ ರಂಧ್ರ ಸುಮಾರು 3 ನ್ಯಾನೊಮೀಟರ್ ಅಗಲ. ಕಷ್ಟಪಟ್ಟು ತಂದ ಬೀಟೈನ್, ಪೊಟ್ಯಾಸಿಯಂ ಎಲ್ಲವನ್ನೂ ಕ್ಷಣದಲ್ಲಿ ಹೊರಗೆ ಸುರಿದು ಕೋಶ ಒಡೆಯದೆ ಉಳಿಯುತ್ತದೆ. "ಅಷ್ಟೆಲ್ಲ ಮಾಡಿ ಕಡೆಗೆ ಅಜ್ಜಿಯ ಬಾಣಲೆಗೆ!" ಎಂದಳು.

ಗಂಟೆ ಹೊಡೆಯಿತು. ಮೌಲ್ಯಮಾಪನದ ಪ್ರಶ್ನೆಗಳನ್ನು ಕೇಳಲಾಗಲಿಲ್ಲ. ಹಿಮ್ಮಾಹಿತಿ ಹಾಳೆಯಲ್ಲಿ ಸಮಯ ಪಾಲನೆಗೆ ಅಂಕ ಹೋಯಿತು. ಹೊರಡುವಾಗ ಹುಡುಗಿ ಬಾಗಿಲಲ್ಲೇ ತಡೆದಳು, ಬಿಳಿ ಪೊರೆಯ ವಿಷಯ ಬಾಕಿಯಿತ್ತಲ್ಲ. ಅದು ಸಾಮಾನ್ಯವಾಗಿ ಯೀಸ್ಟ್, ಬ್ಯಾಕ್ಟೀರಿಯಾ ಅಲ್ಲ ಎಂದು ಅಲ್ಲೇ ನಿಂತು ಹೇಳಿದೆ.