ಲಾಹೋರಿನಲ್ಲಿ ಅತಿಥಿಯಾಗಿ

ರಾವಿ ನದಿಯ ದಡದ ಲಾಹೋರ್ ನಗರವು ನಮಗೆ ತೀರ ಅಪರಿಚಿತವಾದುದಲ್ಲ. ಕಾಂಗ್ರೆಸ್ ಮಹಾಸಭೆಯು 1929ರ ಡಿಸೆಂಬರಿನಲ್ಲಿ ಪೂರ್ಣ ಸ್ವರಾಜ್ಯದ ನಿರ್ಣಯವನ್ನು ಅಂಗೀಕರಿಸಿದುದು ಅಲ್ಲಿಯೇ. 1931ರ ಮಾರ್ಚ್ 23ರಂದು ಭಗತ್ ಸಿಂಗರು ಗಲ್ಲಿಗೇರಿದುದೂ ಅಲ್ಲಿಯೇ. 2006ರ ಚಳಿಗಾಲದಲ್ಲಿ ವಿದ್ವಾಂಸರ ತಂಡವೊಂದರೊಡನೆ ವಾಘಾ ಗಡಿಯನ್ನು ದಾಟಿ ಆ ನಗರವನ್ನು ಕಾಣುವ ಸುಯೋಗ ನನಗೆ ಒದಗಿತ್ತು.

2025ರ ಏಪ್ರಿಲಿನಲ್ಲಿ ಪಹಲ್ಗಾಮಿನ ದಾಳಿಯ ಬಳಿಕ ಆ ದಾರಿ ಮುಚ್ಚಿತು. ಪಾಕಿಸ್ತಾನಕ್ಕೆ ಹೋಗಬಾರದೆಂದು ನಮ್ಮ ಸರ್ಕಾರವು ಪ್ರಜೆಗಳಿಗೆ ಸೂಚಿಸಿತು. ಆದುದರಿಂದ ಯಾರೇ ಆಗಲಿ, ಸರ್ಕಾರದ ಸೂಚನೆಯನ್ನು ವಿಚಾರಿಸದೆ ಪ್ರಯಾಣವನ್ನು ಯೋಚಿಸತಕ್ಕದ್ದಲ್ಲ. ಅನ್ಯದೇಶಗಳ ಪೌರತ್ವ ಪಡೆದು ಅಲ್ಲಿಗೆ ಹೋಗುವ ನಮ್ಮ ಮನೆಗಳ ಮಕ್ಕಳಿಗೂ, ಮುಂದೆಂದಾದರೂ ದಾರಿ ತೆರೆದಾಗ ಹೊರಡುವವರಿಗೂ ಕೆಲವು ಮಾತುಗಳು ಉಪಯುಕ್ತವಾದಾವು.

ಔರಂಗಜೇಬನ ಕಾಲದಲ್ಲಿ, 1673ರಲ್ಲಿ ಪೂರ್ಣಗೊಂಡ ಬಾದಶಾಹಿ ಮಸೀದಿಯನ್ನು ನೋಡಲು ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯ ವೇಳೆಯನ್ನು ಬಿಟ್ಟು ಹೋಗಬೇಕು. ಬೇಸಿಗೆಯಲ್ಲಿ ಅಂಗಳದ ಕಲ್ಲು ಕಾದಿರುತ್ತದೆ, ಕಾಲುಚೀಲವಿದ್ದರೆ ಒಳ್ಳೆಯದು. ಪ್ರಾರ್ಥನೆಯಲ್ಲಿರುವವರ ಮುಂದೆ ಹಾದುಹೋಗಬಾರದು. ಸ್ತ್ರೀಯರು ಸೆರಗಿನಿಂದಲೋ ದುಪಟ್ಟಾದಿಂದಲೋ ತಲೆಯನ್ನು ಮುಚ್ಚಿಕೊಳ್ಳಬೇಕು. ಸಮೀಪದಲ್ಲಿಯೇ ಗುರು ಅರ್ಜುನ ದೇವರ ಬಲಿದಾನವನ್ನು ನೆನಪಿಸುವ ಡೇರಾ ಸಾಹಿಬ್ ಗುರುದ್ವಾರವಿದೆ. ಅಲ್ಲಿ ಪುರುಷರೂ ತಲೆಗೆ ವಸ್ತ್ರ ಸುತ್ತಿಕೊಳ್ಳಬೇಕು. ಕಲಬುರಗಿಯ ಬಂದೇ ನವಾಜರ ದರ್ಗಾವನ್ನು ಕಂಡವರಿಗೆ ದಾತಾ ದರ್ಬಾರಿನ ರೀತಿನೀತಿಗಳು ಹೊಸವೆನಿಸವು.

ಮಾತಿನಲ್ಲಿ ಹೆಸರಿನ ನಂತರ 'ಸಾಹೇಬ್' ಎಂದೋ 'ಜೀ' ಎಂದೋ ಸೇರಿಸುವುದು ಅಲ್ಲಿಯ ಮರ್ಯಾದೆ. ಹಿಂದಿ ಬಲ್ಲವರಿಗೆ ಉರ್ದುವಿನ ಸಂಭಾಷಣೆ ಕಷ್ಟವಾಗದು. ಪರಸ್ತ್ರೀಯರ ಕೈಕುಲುಕಲು ತಾವಾಗಿ ಕೈಚಾಚಬಾರದು. ಎದೆಯ ಮೇಲೆ ಕೈಯಿಟ್ಟು ವಂದಿಸಿದರೆ ಸಾಕು. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ಸೈನ್ಯದ ನೆಲೆಗಳತ್ತ ಕ್ಯಾಮೆರಾ ತಿರುಗಿಸಲೇಬಾರದು. ರಂಜಾನಿನ ಉಪವಾಸದ ಹೊತ್ತಿನಲ್ಲಿ ಬಹಿರಂಗವಾಗಿ ಉಣ್ಣುವುದನ್ನು 1981ರ ಕಾಯಿದೆಯೇ ನಿಷೇಧಿಸಿದೆ.

ಸಸ್ಯಾಹಾರಿಗಳು ವಿಶೇಷ ಎಚ್ಚರ ವಹಿಸಬೇಕು. ಬೆಳಗಿನ ಕಡಲೆಯ ಪಲ್ಯದಲ್ಲಿಯೂ ಕೋಳಿಯಿರಬಹುದು. 'ಗೋಷ್ತ್ ಬೇಡ' ಎಂದರಷ್ಟೇ ಸಾಲದು. ಕೋಳಿ, ಮೀನು, ಮೊಟ್ಟೆ ಯಾವುದೂ ಬೇಡವೆಂದು ಬಿಡಿಸಿ ಹೇಳಬೇಕು. ಹಲ್ವ-ಪೂರಿ, ತಂದೂರಿನ ರೊಟ್ಟಿ, ಲಸ್ಸಿಗಳಿಗೆ ಅಲ್ಲಿ ಕೊರತೆಯಿಲ್ಲ.

ಈ ಎಚ್ಚರವನ್ನು ನಾನು ಕಲಿತುದು ನನ್ನದೇ ತಪ್ಪಿನಿಂದ. ವೃದ್ಧ ಪ್ರಾಧ್ಯಾಪಕರೊಬ್ಬರು ಮನೆಗೆ ಊಟಕ್ಕೆ ಕರೆದಾಗ ಸಂಕೋಚದಿಂದ ನನ್ನ ಆಹಾರನಿಯಮವನ್ನು ಮುಂಚಿತವಾಗಿ ತಿಳಿಸಲಿಲ್ಲ. ದಿನವಿಡೀ ಅಡುಗೆ ಮಾಡಿದ್ದ ಮನೆಯ ಹಿರಿಯ ತಾಯಿ, ನಾನು ಬರಿಯ ರೊಟ್ಟಿ-ಮೊಸರನ್ನು ತಿನ್ನುವುದನ್ನು ಕಂಡು ಕಣ್ಣೀರು ತಂದುಕೊಂಡರು. ಅತಿಥಿ ಹಸಿದು ಏಳುವುದು ಅವರಿಗೆ ತಮ್ಮ ಮನೆಯ ಅಪಮಾನವಾಗಿ ತೋರಿತ್ತು. ಮರುದಿನ ಪುನಃ ಕರೆಸಿದರು. ಬೇಳೆಯ ಸಾರು ಕುದಿಯುತ್ತಿದ್ದ ಪಾತ್ರೆ ಹೊಚ್ಚ ಹೊಸದು. "ನಿಮಗಾಗಿ ಬೆಳಿಗ್ಗೆ ತರಿಸಿದೆ, ಮಗನೇ" ಎಂದರು.

ನಿಯಮವನ್ನು ಮುಚ್ಚಿಡುವುದು ವಿನಯವಲ್ಲವೆಂದು ಅಂದು ಅರಿತೆ. ನಮ್ಮ ನಡೆಯನ್ನು ಮೊದಲೇ ಹೇಳುವುದು, ಅವರ ನಡೆಯನ್ನು ಕೇಳಿ ತಿಳಿಯುವುದು, ಇವೆರಡೂ ಕೂಡಿದಾಗಲೇ ಆತಿಥ್ಯ ಪೂರ್ಣವಾಗುತ್ತದೆ. ಆ ಹೊಸ ಪಾತ್ರೆಯ ಋಣ ನನ್ನ ಮೇಲೆ ಇನ್ನೂ ಇದೆ.